ಗಂಟೆಗೆ ಅರವತ್ತು ಪೀಸ್

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಮಷಿನ್ನುಗಳ ಪ್ರತಿ ಲೈನಿನ ಕೊನೆಗೆ ಒಂದು ಬಿಳಿ ಬೋರ್ಡ್ ಇರುತ್ತದೆ. ಗಂಟೆಗೊಮ್ಮೆ ಸೂಪರ್‌ವೈಸರ್ ಬಂದು ಎಷ್ಟು ಪೀಸ್ ಆಚೆ ಬಂತು ಅಂತ ಅದರ ಮೇಲೆ ಬರೆಯುತ್ತಾರೆ. ಪಕ್ಕದಲ್ಲೇ ಟಾರ್ಗೆಟ್. ನಮ್ಮ ಪ್ರೊಡಕ್ಷನ್ ಮ್ಯಾನೇಜರ್‌ಗೆ ಫ್ಲೋರ್ ಅಂದರೆ ಈ ಬೋರ್ಡೇ. ಪಿಎಂ ಅಂತ ನಾವು ಕರೆಯುತ್ತಿದ್ದ ಅವರು ಜನರ ಮುಖ ನೋಡಿದ್ದಕ್ಕಿಂತ ಬೋರ್ಡ್ ನೋಡಿದ್ದೇ ಜಾಸ್ತಿ.

ನಾನಾಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೈಸೂರು ರಸ್ತೆ ಕಡೆಯ ಒಂದು ಫ್ಯಾಕ್ಟರಿಗೆ ಇಂಡಸ್ಟ್ರಿಯಲ್ ಎಂಜಿನಿಯರ್, ಅಂದರೆ ಐಇ ಆಗಿ ಸೇರಿದ್ದೆ. ಹೆಸರು ದೊಡ್ಡದು, ಕೆಲಸ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು. ಕಾಲರ್ ಹೊಲಿಯಲು ಎಷ್ಟು ಸೆಕೆಂಡ್, ಕಫ್ ಕೂರಿಸಲು ಎಷ್ಟು, ಕಾಜಾ ಹಾಕಲು ಎಷ್ಟು ಅಂತ ಬರೆದುಕೊಂಡು ಕೂಡಿಸಬೇಕು. ಆ ಸಲ ಬಂದ ತುಂಬುತೋಳಿನ ಶರ್ಟಿಗೆ 20 ನಿಮಿಷ ಬಂದಿತ್ತು. ಲೈನಿನಲ್ಲಿ 40 ಆಪರೇಟರ್‌ಗಳು. ನೂರಕ್ಕೆ ನೂರು ಕೆಲಸ ನಡೆದರೆ ಗಂಟೆಗೆ 120 ಶರ್ಟ್ ಆಗಬೇಕು. ಹೊಸ ಸ್ಟೈಲ್, ಕೈ ಕೂರುವವರೆಗೆ ಅರ್ಧ ಹಿಡಿಯೋಣ ಅಂತ 60 ಟಾರ್ಗೆಟ್ ಕೊಟ್ಟೆವು. ಆರ್ಡರ್ 6,000 ಪೀಸ್. ಎರಡು ಲೈನಿಗೆ ಸಮನಾಗಿ ಹಂಚಿತ್ತು.

ಒಂದನೇ ಲೈನಿನ ಸೂಪರ್‌ವೈಸರ್ ಮೂವತ್ತರ ಆಸುಪಾಸಿನ ಹುಡುಗ. ಇಸ್ತ್ರಿ ಮಾಡಿದ ಶರ್ಟು, ಜೇಬಲ್ಲಿ ಎರಡು ಪೆನ್ನು, ಪಿಎಂ ಕಂಡರೆ ಓಡುವ ಕಾಲು. ಅವನ ಬೋರ್ಡ್ ನೋಡೋದಕ್ಕೆ ಚೆಂದ: 58, 60, 59, 60, 60, 58. ಎರಡನೇ ಲೈನು ಒಬ್ಬ ಅಕ್ಕನದು. ರಾಮನಗರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಹೆಲ್ಪರ್ ಆಗಿ ದಾರ ಕತ್ತರಿಸುತ್ತಾ ಸೇರಿ, ಮಷಿನ್ ಕಲಿತು, ಮೇಲೆ ಬಂದವರು. ಲೈನಿನಲ್ಲಿ ಕೂತವರೆಲ್ಲ ಹೆಂಗಸರೇ ಆದರೂ ಅವರ ತಲೆಯ ಮೇಲೆ ನಿಲ್ಲುವವರು ಹೆಚ್ಚಾಗಿ ಗಂಡಸರೇ. ನಮ್ಮ ಫ್ಲೋರಿನಲ್ಲಿ ಹೆಂಗಸು ಸೂಪರ್‌ವೈಸರ್ ಅಂತ ಇದ್ದದ್ದು ಇವರೊಬ್ಬರೇ. ಇವರ ಬೋರ್ಡ್ ಮಾತ್ರ ಹುಚ್ಚುಹುಚ್ಚಾಗಿ ಓಡುತ್ತಿತ್ತು: 41, 66, 52, 70, 37.

ಪಿಎಂ ದಿನಾ ಒಂದನೇ ಲೈನಿನ ಮುಂದೆ ತಲೆಯಾಡಿಸಿ, ಎರಡನೇ ಲೈನಿನ ಮುಂದೆ ಗಂಟಲು ಎತ್ತುತ್ತಿದ್ದರು. "ಅವನಿಗೆ ಆಗೋದು ನಿಮಗೆ ಯಾಕಮ್ಮ ಆಗಲ್ಲ? ಅದೇ ಶರ್ಟು, ಅದೇ ಮಷಿನ್ನು!" ಅಕ್ಕ ಸುಮ್ನೆ ನಿಂತು ಕೇಳಿಸಿಕೊಂಡು, ಅವರು ಆ ಕಡೆ ತಿರುಗಿದ ಕೂಡಲೇ ಯಾವ ಮಷಿನ್ ಹತ್ತಿರ ಹೊಲಿಯಬೇಕಾದ ತುಂಡುಗಳ ಬಂಡಲ್ ಗುಡ್ಡೆ ಬಿದ್ದಿದೆಯೋ ಅಲ್ಲಿಗೆ ಹೋಗಿ ತಾವೇ ಹೊಲಿಯಲು ಕೂರುತ್ತಿದ್ದರು.

ಅಕ್ಕ ಬಲು ಮೃದು ಮನಸ್ಸಿನವರು ಅಂತೇನೂ ಅಂದುಕೊಳ್ಳಬೇಡಿ. ಬಾಯಿ ಖಾರ. ಮಷಿನ್ ಮುಂದೆ ಮೊಬೈಲ್ ಕಂಡರೆ ಕಿತ್ತು ತಮ್ಮ ಡ್ರಾಯರಿಗೆ ಹಾಕಿಕೊಳ್ಳುತ್ತಿದ್ದರು. ಬೈಯುವುದಿದ್ದರೆ ಹೊಲಿಗೆಯ ವಿಷಯಕ್ಕೆ ಬೈಯುತ್ತಿದ್ದರು, ಮನೆತನ ಎಳೆಯುತ್ತಿರಲಿಲ್ಲ. ಇನ್ನೊಂದು ದೋಷವೂ ಇತ್ತು. ತಾವೇ ಮಷಿನ್ ಮೇಲೆ ಕೂತಾಗ ಉಳಿದ ಲೈನು ಕಣ್ಣಿಗೆ ಬೀಳುತ್ತಿರಲಿಲ್ಲ. ತೋಳು ಕೂರಿಸುವ ಕಡೆ ಹೊಲಿಯಲು ತುಂಡುಗಳು ಬರದೆ ಫೀಡಿಂಗ್ ಖಾಲಿಯಾಗಿ ಮೂವರು ಕೈಕಟ್ಟಿ ಕೂತಿರುತ್ತಿದ್ದರು. ನಾನು ಹೇಳಿದರೆ, "ಬರ್ತೀನಿ ಇರಿ ಐಇ ಸಾರ್, ಈ ಬಂಡಲ್ ಮುಗೀಲಿ" ಅನ್ನುವುದು. ಸೂಪರ್‌ವೈಸರ್ ಕೆಲಸ ಹೊಲಿಯುವುದಲ್ಲ, ಹೊಲಿಸುವುದು ಅಂತ ನಾನು ಓದಿ ಬಂದವನು. ಈಗಲೂ ಅದು ಸರಿಯೇ ಅನಿಸುತ್ತದೆ.

ಶಿಪ್‌ಮೆಂಟ್ ಹತ್ತಿರ ಬಂತು. ಬೆಂಗಳೂರಿನ ಮಾಲು ಲಾರಿಯಲ್ಲಿ ಚೆನ್ನೈ ಬಂದರಿಗೆ ಹೋಗಿ ಹಡಗು ಹಿಡಿಯಬೇಕು. ತಪ್ಪಿದರೆ ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಫ್ಯಾಕ್ಟರಿಯ ತಲೆಗೆ. ಒಂದೊಂದು ಸಲ ಶರ್ಟಿನ ಲಾಭವನ್ನೆಲ್ಲ ಅದೇ ತಿಂದುಹಾಕುತ್ತದೆ. ಪಿಎಂ ಫೋನು ಒಂದು ನಿಮಿಷ ಬಿಡದೆ ಹೊಡೆದುಕೊಳ್ಳುತ್ತಿತ್ತು. ಮೇಲಿನವರು ಅವರ ಮೇಲೆ ಕೂಗುತ್ತಿದ್ದ ಭಾಷೆ ಕೇಳಿದ ಮೇಲೆ ಅವರ ಮೇಲೆ ನನಗೆ ಪೂರ್ತಿ ಕೋಪ ಬರಲಿಲ್ಲ. ಅವರೂ ಒಂದು ಕಾಲದಲ್ಲಿ ಟೈಲರ್. ಕೂಗಿಸಿಕೊಂಡೇ ಮೇಲೆ ಬಂದವರಿಗೆ ಕೂಗುವುದೇ ಮ್ಯಾನೇಜ್‌ಮೆಂಟ್ ಅನಿಸಿದರೆ ಏನು ಹೇಳುವುದು?

ಬಯರ್ ಕಡೆಯವರ ಫೈನಲ್ ಇನ್‌ಸ್ಪೆಕ್ಷನ್ ಇದ್ದದ್ದು ಮಾರನೇ ದಿನ. ಪಿಎಂ ಬೆಳಗ್ಗೆಯೇ ಮೀಟಿಂಗ್ ಅಂತ ಹೆಡ್ ಆಫೀಸಿಗೆ ಹೋದರು. ಹೋಗುವಾಗ ನನ್ನ ಕೈಗೆ ಒಂದು ಹಾಳೆ ಕೊಟ್ಟು, "ಲೈನಲ್ಲಿ ಎಷ್ಟಿದೆ, ಪ್ಯಾಕಿಂಗಿಗೆ ಎಷ್ಟು ಹೋಗಿದೆ, ಲೆಕ್ಕ ತಗೊಂಡು ಇಡಿ" ಅಂದರು.

ಲೆಕ್ಕ ಕೂಡಲಿಲ್ಲ. ಬೋರ್ಡಿನ ಪ್ರಕಾರ ಒಂದನೇ ಲೈನಿನಿಂದ 2,940 ಪೀಸ್ ಆಚೆ ಬಂದಿರಬೇಕು. ಪ್ಯಾಕಿಂಗ್ ರಿಜಿಸ್ಟರಿನಲ್ಲಿ ಇದ್ದದ್ದು 2,655. ಎರಡನೇ ಲೈನಿನದು 2,806ಕ್ಕೆ 2,790. ಹದಿನಾರು ಪೀಸ್ ಎಲ್ಲಾದರೂ ಗುಂಡಿ ಕಿತ್ತು ಆಲ್ಟರಿಗೆ, ಅಂದರೆ ರಿಪೇರಿಗೆ ಹೋಗಿರುತ್ತವೆ, ಅದು ಇದ್ದದ್ದೇ. ಆದರೆ 285 ಶರ್ಟ್ ಎಲ್ಲಿ ಹೋದವು?

ಚೆಕಿಂಗ್ ಟೇಬಲ್ ಕೆಳಗೆ ಸಿಕ್ಕವು. ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಮೇಲೆ ಬಟ್ಟೆ ಚಿಂದಿ ಹೊದಿಸಿತ್ತು. ಒಂದೊಂದನ್ನೇ ತೆಗೆದು ನೋಡಿದೆ. ಹೆಚ್ಚಿನವಕ್ಕೆ ಒಂದೇ ಕಾಯಿಲೆ: ಕಾಲರಿನ ಒಂದು ತುದಿ ಉದ್ದ, ಇನ್ನೊಂದು ಗಿಡ್ಡ. ಚೆಕಿಂಗ್ ಹುಡುಗಿ ಫೇಲ್ ಮಾಡಿದ್ದಾಳೆ. ಆದರೆ ಲೈನಿನಿಂದ ಆಚೆ ಬಂದದ್ದು ನಿಜ ತಾನೇ ಅಂತ ಬೋರ್ಡಿನಲ್ಲಿ ಅವನ್ನೂ ಸೇರಿಸಿ ಬರೆದಿದ್ದಾರೆ. ಆಮೇಲೆ ಊಟದ ಹೊತ್ತಲ್ಲೋ ಓವರ್‌ಟೈಮ್ ಓಟಿಯಲ್ಲೋ ಸರಿ ಮಾಡಿದರಾಯಿತು ಅಂತ ಇಟ್ಟದ್ದು ಇಟ್ಟಲ್ಲೇ ಬೆಳೆದಿದೆ. ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ಒಳ್ಳೆ ಗಂಟೆಯಲ್ಲಿ 68 ಬಂದರೆ ಎಂಟನ್ನು ಬಚ್ಚಿಟ್ಟು, ಕೆಟ್ಟ ಗಂಟೆಗೆ ತುಂಬಿಸುತ್ತಿದ್ದರು. ಬೋರ್ಡ್ ಅಷ್ಟು ನುಣುಪಾಗಿದ್ದದ್ದು ಅದಕ್ಕೇ. ನಿಜವಾದ ಲೈನು ಯಾವತ್ತೂ ಅಷ್ಟು ನುಣುಪಾಗಿ ಓಡುವುದಿಲ್ಲ. ಸೂಜಿ ಮುರಿಯುತ್ತದೆ, ಬಾಬಿನ್ ಮುಗಿಯುತ್ತದೆ, ಯಾರಿಗೋ ಹೊಟ್ಟೆನೋವು ಬರುತ್ತದೆ.

ಕಾಲರ್ ಹೊಲಿಯುವವಳನ್ನು ಕೇಳಿದೆ. ಅವಳ ಮಷಿನ್ ಮೇಲೆ ಹಸಿರು ಕಾರ್ಡ್ ತೂಗುತ್ತಿತ್ತು. ಲೈನಿನ ಕ್ವಾಲಿಟಿಯವರು ಬಂದು ಏಳು ಪೀಸ್ ನೋಡಿ, ಚೆನ್ನಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು ಹಾಕುವ ಪದ್ಧತಿ ಅದು. ಅವಳು ಹೇಳಿದ್ದು ಇಷ್ಟು: "ಬುಧವಾರನೇ ಹೇಳ್ದೆ ಸಾರ್, ಕೆಲವು ಬಂಡಲಲ್ಲಿ ಕಾಲರ್ ಕುಗ್ಗೈತೆ, ಟೆಂಪ್ಲೇಟಿಗೆ ಕೂರ್ತಿಲ್ಲ ಅಂತ. ಮೊದ್ಲು ಹೊಲಿ, ಆಮೇಲೆ ನೋಡಾನ ಅಂದ್ರು. ಕೆಂಪು ಹಾಕಿದ್ರೆ ಮಷಿನ್ ನಿಲ್ಲಿಸ್ಬೇಕಲ್ವಾ? ಅದಕ್ಕೇ ಹಾಕಿಸ್ಲಿಲ್ಲ."

ಬುಧವಾರ ಅಂದ ಕೂಡಲೇ ನನಗೆ ಎರಡನೇ ಲೈನಿನ 37 ನೆನಪಾಯಿತು. ಅಕ್ಕನ ಹತ್ತಿರ ಹೋಗಿ ಕೇಳಿದರೆ ಕಥೆ ಪೂರ್ತಿಯಾಯಿತು. ಕಾಲರಿನೊಳಗೆ ಕೂರಿಸುವ ಕ್ಯಾನ್ವಾಸನ್ನು ಬಿಸಿಯಲ್ಲಿ ಅಂಟಿಸುವ ಫ್ಯೂಸಿಂಗ್ ಮಷಿನ್‌ನ ಶಾಖ ಆವತ್ತು ಜಾಸ್ತಿಯಾಗಿತ್ತು. ಬಟ್ಟೆ ಕುಗ್ಗಿತ್ತು. ಅಕ್ಕ ಲೈನಿನ ಮುಂಭಾಗ ನಿಲ್ಲಿಸಿ, ಬಂಡಲ್‌ಗಳನ್ನೆಲ್ಲ ಬಿಚ್ಚಿಸಿ, ಕುಗ್ಗಿದ್ದನ್ನು ಬೇರೆ ಮಾಡಿ ಕಟಿಂಗಿಗೆ ವಾಪಸ್ ಕಳಿಸಿದ್ದರು. ಫ್ಯೂಸಿಂಗಿನವರು ಶಾಖ ಸರಿ ಮಾಡಿದರು. ಆದರೆ ಅಷ್ಟರಲ್ಲಿ ಒಂದನೇ ಲೈನಿಗೆ ಹೋಗಿದ್ದ ಬಂಡಲ್‌ಗಳ ಬಗ್ಗೆ ಯಾರೂ ಯೋಚಿಸಲಿಲ್ಲ. ಯೋಚಿಸಬೇಕಾದವರು ಆ ಹೊತ್ತಿಗೆ ಎರಡನೇ ಲೈನಿನ ಬೋರ್ಡಿನ ಮುಂದೆ ನಿಂತು, 37 ಯಾಕೆ ಅಂತ ಕೂಗುತ್ತಿದ್ದರು. "ನೀವು ಹೇಳ್ಲಿಲ್ವಾ ಅಕ್ಕ?" ಅಂದೆ. "ಹೇಳಕ್ಕೆ ಬಿಟ್ರಾ?" ಅಂದರು.

ಡಿಪ್ಲೊಮಾದಲ್ಲಿ ನಾಯಕತ್ವದ ಪಾಠ ಇತ್ತು. ಅಪ್ಪಣೆ ಕೊಡುವವನು, ಕೇಳಿ ನಡೆಸುವವನು, ಸುಮ್ನೆ ಬಿಟ್ಟುಬಿಡುವವನು ಅಂತ ಮೂರು ಬಗೆ. ಐದು ಮಾರ್ಕಿಗೆ ಬಾಯಿಪಾಠ ಮಾಡಿದ್ದೆವು. ಇದರ ಹಿಂದೆ ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರನ್ನು ಇಟ್ಟುಕೊಂಡು ಮಾಡಿ, 1939ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ ಅಂತ ಎಷ್ಟೋ ಆಮೇಲೆ ಓದಿದೆ. ಹುಡುಗರು ಮುಖವಾಡ ಮಾಡುತ್ತಿದ್ದರಂತೆ. ಅಪ್ಪಣೆ ಕೊಡುವ ನಾಯಕ ಕೋಣೆಯಿಂದ ಆಚೆ ಹೋದರೆ ಕೆಲಸ ಬಿದ್ದುಹೋಗುತ್ತಿತ್ತು. ಕೇಳಿ ನಡೆಸುವವನು ಹೋದರೆ ಹುಡುಗರು ಮುಂದುವರಿಸುತ್ತಿದ್ದರು. ನಮ್ಮ ಒಂದನೇ ಲೈನಿನಲ್ಲಿ ಪಿಎಂ ಇಲ್ಲದ ಆ ದಿನ ನಿಂತುಹೋದದ್ದು ಕೆಲಸವಲ್ಲ, ಸುಳ್ಳು ಲೆಕ್ಕ. ಮೊದಲ ಗಂಟೆಗೆ ಆ ಹುಡುಗ 33 ಅಂತ ಬರೆದ. ನಿಜವಾಗಿ ಬಂದದ್ದೂ ಅಷ್ಟೇ.

ಚೀಲಗಳ ವಿಷಯ ಎತ್ತಿದಾಗ ಅವನು ಮೊದಲು ಕೈ ಮುಗಿದ. "ಪಿಎಂ ಸಾರ್‌ಗೆ ಹೇಳ್ಬೇಡಿ, ಕೆಲಸ ಹೋಗ್ತದೆ." ಹೇಳದೆ ಇರಲು ಆಗುತ್ತಿರಲಿಲ್ಲ. ಬೇಕಾದ ಸಂಖ್ಯೆಯೇ 555 ಕಡಿಮೆ ಇತ್ತು. ಆದರೆ ಫೋನ್ ಮಾಡುವ ಮುಂಚೆ ದಾರಿ ಹುಡುಕೋಣ ಅಂತ ನಾನು, ಅವನು, ಅಕ್ಕ ಮೂವರೂ ಕಟಿಂಗ್ ಮಾಸ್ಟರ್ ಹತ್ತಿರ ಹೋದೆವು.

ಅಲ್ಲಿ ಅಕ್ಕನ ಕೆಲಸ ನೋಡಬೇಕಿತ್ತು. ಕಾಲರ್ ಬಿಚ್ಚಿ ಹೊಸದು ಹಾಕಬೇಕು. ಹೊಸ ಕಾಲರ್ ಅದೇ ಥಾನಿನ ಬಟ್ಟೆಯದ್ದೇ ಆಗಬೇಕು. ಬೇರೆ ಥಾನಾದರೆ ಬಣ್ಣದ ಶೇಡ್ ಒಂಚೂರು ಹೆಚ್ಚುಕಮ್ಮಿಯಾಗಿ ಶರ್ಟಿನ ಮೈ ಒಂದು ಕಡೆ, ಕುತ್ತಿಗೆ ಒಂದು ಕಡೆ ಅನ್ನುವ ಹಾಗಾಗುತ್ತದೆ. ಮಾಸ್ಟರ್ ತುಂಡುಬಟ್ಟೆಗಳ ಮೂಟೆ ಬಿಚ್ಚಿದರು. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ಶೇಡ್ ಹೊಂದಿಸಿದರು. ತಮ್ಮ ಲೈನಿನ ಕಾಲರ್ ಆಪರೇಟರ್ ಇಬ್ಬರನ್ನು ಒಂದನೇ ಲೈನಿಗೆ ಕೊಟ್ಟರು. "ಇವತ್ತು ನನ್ನ ಬೋರ್ಡಿಗೆ ಬೆಂಕಿ ಬೀಳುತ್ತೆ, ಬೀಳ್ಲಿ" ಅಂದರು. ಬಿಚ್ಚುವ ಕೆಲಸಕ್ಕೆ ಹೆಲ್ಪರ್‌ಗಳು ಕೂತರು. ಆ ಹುಡುಗನಿಗೆ ಒಂದು ಮಾತೂ ಬೈಯಲಿಲ್ಲ. ಒಂದೇ ಒಂದು ಸಲ, "ಬುಧವಾರ ನನ್ನತ್ರ ಬಂದು ಒಂದ್ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ" ಅಂದರು.

ಹನ್ನೊಂದರ ಹೊತ್ತಿಗೆ ನಾನು ಪಿಎಂಗೆ ಫೋನ್ ಮಾಡಿದೆ. ಎಷ್ಟು ಕಡಿಮೆ ಇದೆ, ಏನು ಮಾಡುತ್ತಿದ್ದೇವೆ, ಓಟಿಗೆ ಎಷ್ಟು ಜನ ಬೇಕು ಅಂತ ಹೇಳಿದೆ. ಕೂಗಾಡುತ್ತಾರೆ ಅಂತ ಫೋನನ್ನು ಕಿವಿಯಿಂದ ಸ್ವಲ್ಪ ದೂರವೇ ಹಿಡಿದಿದ್ದೆ. ಕೂಗಲಿಲ್ಲ. ಮೀಟಿಂಗಿನಲ್ಲಿ ಪಕ್ಕದಲ್ಲಿ ಯಾರೋ ದೊಡ್ಡವರು ಕೂತಿದ್ದಿರಬೇಕು. ಸಂಜೆ ಬಂದು ಕೂಗಿದರು ಅನ್ನಿ.

ಹಳೆ ಸೀನಿಯರ್ ಒಬ್ಬರು ಆವತ್ತು ಟೀ ಕುಡಿಯುತ್ತಾ 2016ರ ಏಪ್ರಿಲ್ ಮಾತು ತೆಗೆದರು. ಪಿಎಫ್ ದುಡ್ಡು ಪೂರ್ತಿ ತೆಗೆಯುವಂತಿಲ್ಲ ಅನ್ನುವ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಮಂದಿ 18 ಮತ್ತು 19ರಂದು ರಸ್ತೆಗಿಳಿದದ್ದು, ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡದ್ದು. "ನಮ್ಮ ಫ್ಲೋರಲ್ಲಿ ಹಿಂದಿನ ದಿನದವರೆಗೂ ಒಬ್ಬ ಮ್ಯಾನೇಜರಿಗೂ ಸುಳಿವಿರಲಿಲ್ಲ ಕಣ್ರಿ. ಎಫಿಶಿಯೆನ್ಸಿ ಮಾತ್ರ ಪಾಯಿಂಟ್ ಲೆಕ್ಕದಲ್ಲಿ ಗೊತ್ತಿತ್ತು" ಅಂದರು.

ರಾತ್ರಿ ಎಂಟರವರೆಗೆ ಹೊಲಿದರು. ಶೇಡ್ ಹೊಂದದ 38 ಪೀಸ್ ಕೈಬಿಡಬೇಕಾಯಿತು. ಮಾರನೇ ದಿನ ಬಯರ್ ಕಡೆಯವರು ಇಷ್ಟು ದೊಡ್ಡ ಲಾಟಿನ ನಿಯಮದಂತೆ 200 ಪೀಸ್ ಎತ್ತಿಕೊಂಡರು. ಹತ್ತರವರೆಗೆ ದೊಡ್ಡ ದೋಷ ಇದ್ದರೆ ಪಾಸ್, ಹನ್ನೊಂದಾದರೆ ಪೂರ್ತಿ ಲಾಟ್ ಫೇಲ್. ಎಂಟು ಸಿಕ್ಕವು, ಅದರಲ್ಲಿ ಕಾಲರಿನದು ಎರಡು. ಲಾರಿ ಹೊರಟಿತು.

ಆಮೇಲಿನ ವಾರ ಪಿಎಂ ಎಲ್ಲ ಬೋರ್ಡಿಗೂ 'ಪಾಸ್' ಅಂತ ಇನ್ನೊಂದು ಕಾಲಂ ಎಳೆಸಿದರು. ಚೆಕಿಂಗಿನಲ್ಲಿ ಪಾಸಾದದ್ದಷ್ಟೇ ಅದರಲ್ಲಿ ಬರೆಯಬೇಕು. ಒಳ್ಳೆಯದೇ. ಆದರೆ ಕೂಗು ಆ ಕಾಲಂ ಮುಂದೆ ಶುರುವಾಯಿತು. ಈಗ ಚೆಕಿಂಗ್ ಹುಡುಗಿಯ ಕಿವಿಯಲ್ಲಿ ಸೂಪರ್‌ವೈಸರ್‌ಗಳು ಪಿಸುಗುಟ್ಟತೊಡಗಿದರು: ಇದೊಂದು ಬಿಡು, ಇದೊಂದು ಬಿಡು. ಒಂದನೇ ಲೈನಿನ ಹುಡುಗ ಮಾತ್ರ ಕಾಲರಿಗೆ ಏನಾದರೂ ಅನುಮಾನ ಬಂದರೆ ಪಿಎಂ ಕ್ಯಾಬಿನ್ ದಾಟಿಕೊಂಡು ನೇರ ಅಕ್ಕನ ಹತ್ತಿರ ಹೋಗುತ್ತಿದ್ದ. ಫ್ಲೋರ್ ಇನ್‌ಚಾರ್ಜ್ ಪೋಸ್ಟ್ ಖಾಲಿಯಾದಾಗ ಅದು ಸಿಕ್ಕಿದ್ದೂ ಅವನಿಗೇ.