ಯಾರನ್ನು ಕಾಣಬೇಕು?

ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ತೆಂಗಿನ ತೋಟದ ಅಂಚಿನ ಒಂದು ಜಗಲಿಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಇಂದಿಗೆ ಆರು ದಿನ. ಯಾಕೆ ಬಿಟ್ಟೆ, ಮುಂದೇನು ಎಂಬುದನ್ನು ಮನೆಯವರಿಗೆ, ನೆಂಟರಿಗೆ, ಮೇಲಿನ ಮಹಡಿಯವರಿಗೆ ಹೇಳಿ ಹೇಳಿ ಸಾಕಾಗಿದೆ. ಹನ್ನೊಂದು ವರ್ಷ ದುಡಿದಿದ್ದೆ, ದಣಿದಿದ್ದೆ, ಅಷ್ಟೇ. ಇಲ್ಲಿಗೆ ಬಂದದ್ದು ಸುಮ್ಮನಿರುವುದಕ್ಕೆ. ಆದರೆ ಶುಕ್ರವಾರ ಮಧ್ಯಾಹ್ನ ಕಚೇರಿಯ ಬಾಗಿಲಲ್ಲಿ ನಡೆದ ಎರಡು ನಿಮಿಷದ ಮಾತು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ಅಂದು ಲ್ಯಾಪ್‌ಟಾಪ್ ಒಪ್ಪಿಸಿ, ನಾಲ್ಕು ಕಡೆ ಸಹಿ ಹಾಕಿ, ಕೊರಳಿನ ಗುರುತಿನ ಚೀಟಿಯನ್ನು ಬಿಚ್ಚಿ ಕೊಟ್ಟು ಕೆಳಗಿಳಿದಿದ್ದೆ. ಗೇಟು ದಾಟಿ ಆಟೋ ಹತ್ತುವಷ್ಟರಲ್ಲಿ ಊಟದ ಡಬ್ಬಿ ಮೇಲೆಯೇ ಉಳಿಯಿತೆಂದು ನೆನಪಾಯಿತು. ಸಾಮಾನ್ಯ ಡಬ್ಬಿಯಾಗಿದ್ದರೆ ಬಿಟ್ಟು ಹೋಗುತ್ತಿದ್ದೆನೇನೋ. ಅದು ಅಮ್ಮನ ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಕೊಟ್ಟವರ ಹೆಸರು, ತಾರೀಖು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಸಂಜೆಯ ರೈಲಿಗೆ ಹೊರಡುವ ಅವಸರವಿದ್ದರೂ ಹಿಂದಕ್ಕೆ ಓಡಿದೆ. ಗಾಜಿನ ಬಾಗಿಲು ತೆರೆಯಲಿಲ್ಲ. ತೆರೆಯಲು ಬೇಕಾದ ಚೀಟಿ ಇನ್ನು ನನ್ನದಾಗಿರಲಿಲ್ಲ.

ಬಾಗಿಲಿನ ಮೇಜಿನಲ್ಲಿ ಕಾವಲುಗಾರರು ಎಂದಿನಂತೆ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಕೈ ಬಾಗಿಲಿನ ಗುಂಡಿಯ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ಮೇಲೆ ಕ್ಯಾಮೆರಾ ಇತ್ತು. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬಹಳ ಮೆಲ್ಲಗೆ, ಸಂದರ್ಶಕರ ಪುಸ್ತಕವನ್ನು ನನ್ನತ್ತ ತಿರುಗಿಸಿದರು.

'ತಪ್ಪು ತಿಳಿಯಬೇಡಿ ಮೇಡಂ. ಬರೆಯಲೇಬೇಕು.'

ಹೆಸರು ಬರೆದೆ. ಎಲ್ಲಿಂದ ಬಂದಿರಿ ಎಂಬ ಅಂಕಣದಲ್ಲಿ ನನ್ನ ಮೇಲಿನವರೆಲ್ಲ ಯಾವ ಯಾವುದೋ ಕಂಪನಿಯ ಹೆಸರು ಬರೆದಿದ್ದರು. ನಾನು 'ಮನೆ' ಎಂದು ಬರೆದೆ. ಮುಂದಿನ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಯಾರನ್ನು ಕಾಣಬೇಕು?

ಯಾರನ್ನು ಕಾಣಬೇಕಿತ್ತು ನನಗೆ? ನನ್ನ ಮೇಲಧಿಕಾರಿ ಕೆಟ್ಟವರೇನಲ್ಲ, ಆದರೆ ಅಂದು ಗಾಜಿನ ಕೋಣೆಯ ಸಭೆಯಿಂದ ಎದ್ದು ಬರುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಒಳಗಿನಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ್ದರು. ಮಾನವ ಸಂಪನ್ಮೂಲ ವಿಭಾಗದ ಹುಡುಗಿ ಸೇರಿ ಆರು ತಿಂಗಳೂ ಆಗಿರಲಿಲ್ಲ. ಸಂಸ್ಥೆಯಲ್ಲಿ ನಿಮಗೆ ಮೆಚ್ಚುಗೆಯಾದ ಮೂರು ಸಂಗತಿಗಳನ್ನು ಹೇಳಿ ಎಂದು ಪರದೆ ನೋಡಿಕೊಂಡು ಓದಿದ್ದಳು. ಅವಳ ಮೇಲೂ ನನಗೆ ಸಿಟ್ಟಿಲ್ಲ, ಓದು ಎಂದು ಕೊಟ್ಟಿದ್ದನ್ನು ಓದಿದಳು. ಆದರೆ ಆ ಕಟ್ಟಡದಲ್ಲಿ ಯಾರ ಹೆಸರು ಬರೆಯಲಿ ಎಂದು ಯೋಚಿಸಿದರೆ ಒಂದೂ ಹೊಳೆಯಲಿಲ್ಲ.

ಆಗ ಕಾವಲುಗಾರರು ಹೇಳಿದರು: 'ನನ್ನ ಹೆಸರನ್ನೇ ಬರೆಯಿರಿ ಮೇಡಂ.'

ಪೆನ್ನು ಮತ್ತೆ ನಿಂತಿತು. ನನಗೆ ಅವರ ಹೆಸರು ಗೊತ್ತಿರಲಿಲ್ಲ.

ಹನ್ನೊಂದು ವರ್ಷ ದಿನಕ್ಕೆ ಎರಡು ಸಲ ಅವರ ಮುಂದೆ ಹಾದುಹೋಗಿದ್ದೇನೆ. ಅವರ ಊರು ಸಿಂಧನೂರಿನ ಆಚೆ ಎಂದು ಗೊತ್ತು. ಮಗಳು ಪಿಯುಸಿ ಪಾಸಾದಾಗ ಪೇಡೆ ಕೊಟ್ಟಿದ್ದರು. ಯುಗಾದಿಗೆ ಊರಿಗೆ ಹೋಗಿ ಮೂರನೇ ದಿನಕ್ಕೆ ಹಿಂದಿರುಗುತ್ತಾರೆಂಬುದು ಗೊತ್ತು. 'ಅಣ್ಣ' ಎಂದು ಕರೆಯುತ್ತಿದ್ದೆ, ಅದರಲ್ಲಿ ಎಲ್ಲವೂ ಮುಗಿದುಹೋಗುತ್ತಿತ್ತು. ಎದೆಯ ಪಟ್ಟಿಯ ಮೇಲೆ ಇದ್ದುದು ಏಜೆನ್ಸಿಯ ಹೆಸರು. ಪೆನ್ನು ನಿಂತದ್ದು ಯಾಕೆಂದು ಅವರಿಗೆ ಅರ್ಥವಾಯಿತು. ನೋಯಿಸಿಕೊಂಡಂತೆ ಕಾಣಲಿಲ್ಲ. ಅಕ್ಷರ ತಪ್ಪದಿರಲಿ ಎಂಬಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೆಸರು ಹೇಳಿದರು. ಬರೆದೆ. ಆ ಹೆಸರನ್ನು ಅವರನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ.

ರೈಲಿನಲ್ಲಿ ನಿದ್ದೆ ಬರಲಿಲ್ಲ. ಪಂಚಗಂಗಾ ಎಕ್ಸ್‌ಪ್ರೆಸ್ ಘಟ್ಟ ಇಳಿಯುವುದು ನಡುರಾತ್ರಿಯಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗಗಳು. ಹಗಲಾಗಿದ್ದರೆ ಕಿಟಕಿಗೆ ಮುಖ ಹಚ್ಚಿ ಎಣಿಸುತ್ತಿದ್ದೆ. ಕತ್ತಲಲ್ಲಿ ಸುರಂಗ ತಿಳಿಯುವುದು ಕಿವಿಗೆ ಮಾತ್ರ: ಗಾಲಿಯ ಸದ್ದು ಇದ್ದಕ್ಕಿದ್ದಂತೆ ದಪ್ಪಗಾಗಿ ಮೈಮೇಲೆ ಬಂದಂತಾಗುತ್ತದೆ, ಮತ್ತೆ ತೆಳ್ಳಗಾಗುತ್ತದೆ. ಪ್ರತಿ ಸಲ ದಪ್ಪಗಾದಾಗಲೂ ಆ ಧ್ವನಿ. ನನ್ನ ಹೆಸರನ್ನೇ ಬರೆಯಿರಿ ಮೇಡಂ.

ಕುಮಟಾದಲ್ಲಿ ಇಳಿದು ಬಸ್ ಹಿಡಿದು ಅಘನಾಶಿನಿ ಎಂಬ ಈ ಊರಿಗೆ ಬಂದೆ. ನದಿಯದೇ ಹೆಸರು ಊರಿಗೂ. ಗೆಳತಿಯ ಚಿಕ್ಕಮ್ಮನ ಮನೆ. ಒಬ್ಬಳೇ ಹೋಗುತ್ತೀಯಾ ಎಂದು ಬೆಂಗಳೂರಿನಲ್ಲಿ ಹುಬ್ಬೇರಿಸಿದವರು ಬಹಳ. ಚಿಕ್ಕಮ್ಮ ಒಂದು ಮಾತೂ ಕೇಳದೆ ಕಗ್ಗದಕ್ಕಿಯ ಗಂಜಿ ಬಡಿಸಿದರು. ಕಗ್ಗ ಎಂದರೆ ಇಲ್ಲಿನ ಗಜನಿ ಗದ್ದೆಗಳಲ್ಲಿ, ಉಪ್ಪುನೀರು ನುಗ್ಗುವ ಜಾಗದಲ್ಲಿಯೇ ಬೆಳೆಯುವ ಭತ್ತ. ಬೇರೆ ತಳಿಗಳು ಸುಟ್ಟುಹೋಗುವ ಮಣ್ಣಿನಲ್ಲಿ ಇದು ಎದೆಯೆತ್ತರ ನಿಲ್ಲುತ್ತದಂತೆ. ಮೊದಲ ಎರಡು ದಿನ ಉಂಡೆ, ಮಲಗಿದೆ, ಎದ್ದು ಮತ್ತೆ ಮಲಗಿದೆ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಮಾತ್ರ ಕೈ ತಾನಾಗಿ ಮೊಬೈಲಿಗೆ ಹೋಯಿತು. ಆ ಹೊತ್ತಿಗೆ ಹನ್ನೊಂದು ವರ್ಷ ಒಂದು ಸಭೆಯಿತ್ತು. ಕೈಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಅಂದೇ ನದಿಗೆ ಹೋದೆ. ಇಳಿತದ ಹೊತ್ತು. ನೀರು ಹಿಂದೆ ಸರಿದು ಮಧ್ಯದಲ್ಲಿ ಮರಳು ದಿಬ್ಬಗಳು ಎದ್ದಿದ್ದವು. ಅಲ್ಲಲ್ಲಿ ಸೊಂಟದವರೆಗಿನ ನೀರಿನಲ್ಲಿ ಜನರು ಬೆಳಚು ಆರಿಸುತ್ತಿದ್ದರು. ಬೆಳಚು ಎಂದರೆ ಚಿಪ್ಪುಮೀನು. ಅರವತ್ತು ದಾಟಿದ ಒಬ್ಬ ಹೆಂಗಸು ದಡಕ್ಕೆ ಹತ್ತಿರದಲ್ಲಿದ್ದರು. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ ತೇಲುತ್ತಾ ಅವರ ಹಿಂದೆ ಹಿಂದೆ ಬರುತ್ತಿತ್ತು. ಕಣ್ಣಿನಿಂದ ಹುಡುಕುವ ಕೆಲಸವೇ ಇಲ್ಲ. ಕಾಲಿನಿಂದ ಕೆಸರನ್ನು ಮೆಲ್ಲಗೆ ತಡಕುತ್ತಾರೆ, ಅಂಗಾಲಿಗೆ ಗಟ್ಟಿಯಾದದ್ದು ತಗುಲಿದರೆ ಒಮ್ಮೆ ಮುಳುಗಿ ಎತ್ತಿ ಪಾತ್ರೆಗೆ ಹಾಕುತ್ತಾರೆ. ಟಣ್ ಎನ್ನುತ್ತದೆ. ಪಾತ್ರೆ ತುಂಬುತ್ತಾ ಬಂದಂತೆ ಆ ಸದ್ದು ಅಡಗಿ ಬರೀ ಚಿಪ್ಪಿಗೆ ಚಿಪ್ಪು ತಾಗುವ ಸದ್ದು ಉಳಿಯುತ್ತದೆ. ಅದನ್ನು ಕೇಳುತ್ತಾ ಎಷ್ಟು ಹೊತ್ತು ನಿಂತೆನೋ.

ಅವರು ತಲೆ ಎತ್ತಿ ಕೇಳಿದರು: 'ಯಾರ ಮನೆಗೆ ಬಂದದ್ದು?'

ಎದೆ ಒಮ್ಮೆ ಧಸಕ್ಕೆಂದಿತು. ಅದೇ ಪ್ರಶ್ನೆ, ಅದೇ ಅಂಕಣ. ಚಿಕ್ಕಮ್ಮನ ಹೆಸರು ಹೇಳಿದೆ. 'ಹೋ, ಅವರ ಮನೆಯವರಾ' ಎಂದು ಮತ್ತೆ ಕೆಸರು ತಡಕತೊಡಗಿದರು. ಏನು ಕೆಲಸ, ಎಷ್ಟು ಸಂಬಳ, ಯಾಕೆ ಒಬ್ಬಳೇ, ಯಾವುದೂ ಅವರಿಗೆ ಬೇಕಿರಲಿಲ್ಲ. ಒಂದು ಹೆಸರು ಸಾಕಾಯಿತು.

ಹೊರಡುವಾಗ ಹೇಳಿದರು, ನಾಳೆ ನೋಡುವುದಾದರೆ ಮುಕ್ಕಾಲು ಗಂಟೆ ತಡವಾಗಿ ಬಾ ಎಂದು. ದಿನದಿಂದ ದಿನಕ್ಕೆ ಇಳಿತ ಅಷ್ಟು ಹಿಂದೆ ಬೀಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಚೆನ್ನಾಗಿ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಅಷ್ಟಾಗಿ ಇಳಿಯುವುದಿಲ್ಲ. ಆಗ ಅವರು ನದಿಗೆ ಬರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಚಂದ್ರ ಕೊಡುವ ರಜೆ. ನಾನು ಹನ್ನೊಂದು ವರ್ಷ ರಜೆಯ ಅರ್ಜಿಗೆ ಕಾರಣ ಬರೆದವಳು. ಜ್ವರ, ಮದುವೆ, ತಿಥಿ, ಇಂಥವೇ. ದಣಿವಾಗಿದೆ ಎಂದು ಒಮ್ಮೆಯೂ ಬರೆಯಲಿಲ್ಲ. ಬರೆಯಬಹುದೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ಈ ನದಿಗೆ ಎಲ್ಲಿಯೂ ಅಣೆಕಟ್ಟು ಇಲ್ಲ. ಸಿರಸಿಯಲ್ಲಿ ಹುಟ್ಟಿ ತನ್ನ ಪಾಡಿಗೆ ಕಡಲಿಗೆ ಬರುತ್ತದೆ. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನೀರಿನಲ್ಲಿ ನಿಂತ ಆ ಹೆಂಗಸಿನ ಕಾಲು ತೊಂಡೆಹಣ್ಣಿನಂತೆ ಕೆಂಪಾಗಿ ಸುಕ್ಕುಗಟ್ಟಿತ್ತು, ಅಲ್ಲಲ್ಲಿ ಚಿಪ್ಪು ಕೊಯ್ದ ಗೀರುಗಳಿದ್ದವು. ಇದನ್ನು ಹೇಳದೆ ಬರೀ ಚಂದ್ರ, ನದಿ ಎಂದು ಬರೆದರೆ ಅವರಿಗೆ ಮೋಸ ಮಾಡಿದಂತೆ.

ಮಂಗಳವಾರ ಲೆಕ್ಕಪತ್ರದ ಮಿಂಚಂಚೆ ಬಂತು. ಕೆಲಸ ಬಿಡುವಾಗ ಇಡಿಗಂಟಾಗಿ ಸಿಗುವ ಗ್ರಾಚ್ಯುಟಿಯ ಲೆಕ್ಕ 1972ರ ಕಾಯ್ದೆಯ ಕಾಲದಿಂದ ಇರುವುದೇ: ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನವೆಂದು ಹಿಡಿದು. ನನ್ನ ಹನ್ನೊಂದು ವರ್ಷ 165 ದಿನವಾಗಿ ಕೈಗೆ ಬರುತ್ತದೆ. ಈ ಜಗಲಿಯ ಮೇಲೆ ನಿಶ್ಚಿಂತೆಯಿಂದ ಕುಳಿತಿರುವುದು ಆ 165 ದಿನಗಳ ಬಲದಿಂದಲೇ. ಸಂಖ್ಯೆಯನ್ನು ನೋಡಿ ಸಂತೋಷವಾಯಿತು. ಆಮೇಲೆ ಶುಕ್ರವಾರದ ಮಾತಿನ ಉಳಿದ ಭಾಗ ನೆನಪಿಗೆ ಬಂತು.

ಡಬ್ಬಿ ತೆಗೆದುಕೊಂಡು ಕೆಳಗಿಳಿದಾಗ ಕೇಳಿದ್ದೆ, ನೀವು ಇಲ್ಲಿ ಎಷ್ಟು ವರ್ಷವಾಯಿತು ಎಂದು. ಹದಿಮೂರು ಎಂದರು. ನನಗಿಂತ ಎರಡು ವರ್ಷ ಹೆಚ್ಚು. ಆದರೆ ಏಜೆನ್ಸಿ ಮೂರು ಸಲ ಬದಲಾಗಿದೆ. ಮೊದಲು ನೀಲಿ ಅಂಗಿ, ಆಮೇಲೆ ಬೂದು, ಆಮೇಲೆ ಖಾಕಿ, ಈಗ ಮತ್ತೆ ನೀಲಿ. ಅದೇ ಮೇಜು, ಅದೇ ಕುರ್ಚಿ, ಬೆಳಗ್ಗೆ ಎಂಟರಿಂದ ರಾತ್ರಿ ಎಂಟು. ಅಂಗಿ ಬದಲಾದಾಗಲೆಲ್ಲ ಹೊಸದಾಗಿ ಸೇರಿದಂತೆ ಕಾಗದ. ಒಂದು ಕಡೆ ಐದು ವರ್ಷ ತುಂಬಿದರೆ ತಾನೆ ಗ್ರಾಚ್ಯುಟಿ? ಅವರಿಗೆ ಎಲ್ಲಿಯೂ ತುಂಬಲಿಲ್ಲ. ಇದನ್ನು ಅವರು ದೂರಿನಂತೆ ಹೇಳಲಿಲ್ಲ. ನಾನು ಕೇಳಿದೆ, ಅವರು ಉತ್ತರ ಕೊಟ್ಟರು. ಒಂದೇ ಬಾಗಿಲು, ಒಳಗೆ ಹೋಗುವವಳ ಹನ್ನೊಂದು ವರ್ಷಕ್ಕೆ ಲೆಕ್ಕವಿದೆ, ಬಾಗಿಲು ತೆರೆಯುವವರ ಹದಿಮೂರು ವರ್ಷಕ್ಕೆ ಇಲ್ಲ. ಇದು ಅನ್ಯಾಯ ಎಂದು ಅಲ್ಲಿದ್ದಾಗ ನಮಗೆ ಹೊಳೆಯಲೇ ಇಲ್ಲ. ನಮ್ಮ ಸಂಬಳ ಏರಿಕೆ ಅರ್ಧ ಪ್ರತಿಶತ ಕಡಿಮೆಯಾದಾಗ ವಾರಗಟ್ಟಲೆ ಊಟ ಬಿಟ್ಟವರಂತೆ ಮಾತನಾಡಿದ್ದೇವೆ. ಹೊಸ ಏಜೆನ್ಸಿ ಬಂದ ದಿನ ಅಂಗಿಯ ಬಣ್ಣ ಚೆನ್ನಾಗಿದೆ ಎಂದಿದ್ದೆವು.

'ಎಲ್ಲಿಗೆ ಮೇಡಂ ಈಗ?' ಎಂದಿದ್ದರು.

'ಗೋಕರ್ಣದ ಹತ್ತಿರ. ಹತ್ತು ದಿನ, ಸುಮ್ಮನೆ.'

'ಹತ್ತು ದಿನ' ಎಂದು ಅವರು ಒಮ್ಮೆ ತಿರುಗಿ ಹೇಳಿದರು. ಹೊಟ್ಟೆಕಿಚ್ಚಿನಿಂದಲ್ಲ. ಚಿಕ್ಕ ಮಕ್ಕಳು ದೊಡ್ಡ ಊರಿನ ಹೆಸರನ್ನು ಬಾಯಲ್ಲಿ ಹೇಳಿ ನೋಡುತ್ತಾರಲ್ಲ, ಹಾಗೆ. 'ಸಮುದ್ರ ಇದೆಯಲ್ಲವೇ ಅಲ್ಲಿ? ನಾನು ನೋಡಿಲ್ಲ. ನೋಡಿಕೊಂಡು ಬನ್ನಿ.' ಆಮೇಲೆ ಪುಸ್ತಕವನ್ನು ನನ್ನತ್ತ ತಿರುಗಿಸಿದರು, ಹೊರಹೋದ ಸಮಯ ಬರೆಯುವುದಿತ್ತು. ನಾಲ್ಕು ಇಪ್ಪತ್ತು.

ನಿನ್ನೆ ದೋಣಿಯಲ್ಲಿ ತದಡಿಗೆ ದಾಟಿ ಸಾಣಿಕಟ್ಟೆಗೆ ಹೋಗಿದ್ದೆ. ಉಪ್ಪಿನ ಗದ್ದೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಮಡಿಗಳಿಗೆ ಕಡಲಿನ ನೀರು ಬಿಟ್ಟು, ಬಿಸಿಲಿಗೆ ಅದು ಇಂಗಿ ಹರಳಾಗುವುದನ್ನು ಕಾಯುತ್ತಾರೆ. ಕಾಯುವುದೇ ಅರ್ಧ ಕೆಲಸ. ರಾಶಿ ಹಾಕಿದ ಉಪ್ಪಿನ ಪಕ್ಕದಲ್ಲಿ ನಿಂತಾಗ ಗಾಳಿಯಲ್ಲಿಯೇ ನಾಲಿಗೆಗೆ ರುಚಿ ಹತ್ತುತ್ತದೆ. ಎರಡು ಕಿಲೋ ಕೊಂಡೆ. ದಪ್ಪ ಹರಳು, ಅಂಗಡಿಯ ಉಪ್ಪಿನಷ್ಟು ಬೆಳ್ಳಗಿಲ್ಲ, ಸ್ವಲ್ಪ ಮಣ್ಣಿನ ಬಣ್ಣ.

ಸೋಮವಾರ ಬೆಂಗಳೂರಿಗೆ ಮರಳುತ್ತೇನೆ. ಮರುದಿನ ಆ ಕಟ್ಟಡಕ್ಕೆ ಹೋಗುವುದಿದೆ. ಪುಸ್ತಕದಲ್ಲಿ ಯಾರನ್ನು ಕಾಣಬೇಕು ಎಂಬಲ್ಲಿ ಈ ಸಲ ಪೆನ್ನು ನಿಲ್ಲುವುದಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು ಎನ್ನುತ್ತಾಳೆ ಅಮ್ಮ. ಮೇಜಿನ ಮೇಲೆ, ಆ ಪುಸ್ತಕದ ಪಕ್ಕದಲ್ಲಿ ಇಡುತ್ತೇನೆ. ಅವರೇ ಎತ್ತಿಕೊಳ್ಳಲಿ.