ಅಜ್ಜನ ಊಟದ ಗಂಟು

"ಮಾಮಾ, ಇವರಿಗೆ ಹೇಗೆ ಗೊತ್ತಾಯ್ತು?"

ಭಾನುವಾರದಿಂದ ಈ ಮಾತು ನನ್ನ ತಲೆಯಲ್ಲೇ ಕೂತಿದೆ. ಕೇಳಿದವಳು ಅಕ್ಕನ ಮಗಳು. ರಜೆಗೆ ಬಂದಿದ್ದಾಳೆ. ನನ್ನ ಮೊಬೈಲಿನಲ್ಲಿ ಕ್ರೋನೋ ಟ್ರಿಗರ್ ಆಡುತ್ತಿದ್ದಳು.

1995ರ ಜಪಾನಿ ಆಟ ಅದು. ಪಕ್ಕದಲ್ಲಿ ಕೂತಿದ್ದ ಭಾವ "ಇದೇನೋ ಇಷ್ಟು ಹಳೇದು, ಬರೀ ಚುಕ್ಕಿಚುಕ್ಕಿ ಬೊಂಬೆ" ಅಂದರು. ಭಾವ ಹೊಸ ಹೊಸ ಆಟ ಕೊಳ್ಳುತ್ತಾರೆ, ಒಂದನ್ನೂ ಮುಗಿಸಿಲ್ಲ. ಆಗ ಈ ಆಟ ಬರುತ್ತಿದ್ದ ಕ್ಯಾಸೆಟ್‌ನಲ್ಲಿ ಇದ್ದ ಜಾಗ ಬರೀ 4 ಎಂಬಿ. ಭಾವ ದಿನಾ ಬೆಳಿಗ್ಗೆ ಕಳಿಸುವ ಗುಡ್ ಮಾರ್ನಿಂಗ್ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತೆ.

ಆಟ ಶುರುವಾಗೋದು ಜಾತ್ರೆಯಲ್ಲಿ. ಒಂದು ಕಡೆ ಮೇಜಿನ ಮೇಲೆ ಯಾರೋ ಅಜ್ಜನ ಊಟದ ಗಂಟು. ಬಟನ್ ಒತ್ತಿದರೆ ತಿನ್ನಬಹುದು. ಇವಳು ತಿಂದಳು. ಯಾರೂ ಬೈಯಲಿಲ್ಲ. ಪುಟ್ಟ ಹುಡುಗಿಯೊಬ್ಬಳ ಕಳೆದುಹೋದ ಬೆಕ್ಕನ್ನೂ ಹುಡುಕಿ ಕೊಟ್ಟಳು. ಆಮೇಲೆ ಕತೆ 400 ವರ್ಷ ಹಿಂದಕ್ಕೆ ಹೋಯಿತು, ರಾಜಕುಮಾರಿಯನ್ನು ಉಳಿಸಿ ಕರೆತಂದದ್ದೂ ಆಯಿತು. ವಾಪಸ್ ಬಂದರೆ ಸನ್ಮಾನ ಇಲ್ಲ, ರಾಜಕುಮಾರಿಯನ್ನು ಅಪಹರಿಸಿದ ಕೇಸು! ಕೋರ್ಟಿನಲ್ಲಿ ಆಟದ ನಾಯಕ ಎಂಥವನು ಅಂತ ವಿಚಾರಿಸುವಾಗ ಆ ಅಜ್ಜನ ಊಟದ ಮಾತು ಎದ್ದಿತು.

ಇವಳ ಮುಖ ನೋಡಬೇಕಿತ್ತು. "ಅಲ್ಲಿ ಸಿಸಿಟಿವಿ ಇತ್ತಾ?" ಅಂದಳು. ಅಡುಗೆಮನೆಯಿಂದ ಅಕ್ಕ, "ಆಟದಲ್ಲೂ ಕದ್ದು ತಿಂದ್ಯಾ?" ಅಂತ ಕೂಗಿದಳು. ಅಕ್ಕನಿಗೆ ಎಲ್ಲಿಂದಾದರೂ ಬೈಯಲು ಒಂದು ಕಾರಣ ಸಿಗುತ್ತೆ.

ಆದರೆ ಹುಡುಗಿಯದು ಏನು ತಪ್ಪು? ಈ ಜಾತಿಯ ಆಟಗಳು ಕಲಿಸಿದ್ದೇ ಅದನ್ನ. ಊರಿಗೆ ಹೋಗು, ಕಂಡವರ ಮನೆಗೆ ನುಗ್ಗು, ಡ್ರಾಯರ್ ಎಳೆ, ಮಡಕೆ ಒಡೆ, ಸಿಕ್ಕಿದ್ದು ನಿನ್ನದೇ. 1986ರಲ್ಲಿ ಶುರುವಾದ ಡ್ರ್ಯಾಗನ್ ಕ್ವೆಸ್ಟ್ ಸರಣಿಯಲ್ಲಿ ಈ ಚಾಳಿ ಚೆನ್ನಾಗಿ ಬೆಳೆಯಿತು. ಅದನ್ನು ಕಟ್ಟಿದ ಯೂಜಿ ಹೋರಿಯೇ ಕ್ರೋನೋ ಟ್ರಿಗರ್‌ನ ಕತೆಗೂ ಕೈ ಹಾಕಿದವರು. ಕೋರ್ಟಿನ ಐಡಿಯಾ ಯಾರದೋ ಏನೋ, ನನಗಂತೂ ಅದು ಆ ಚಾಳಿಯ ಕಿವಿ ಹಿಂಡಿದ ಹಾಗೆ ಕಾಣುತ್ತೆ.

ಈಗಿನ ಕೆಲವು ಆಟಗಳಲ್ಲಿ ಏನಾದರೂ ಮಾಡಿದ ಕೂಡಲೇ ಮೂಲೆಯಲ್ಲಿ "ಇವರು ಇದನ್ನು ನೆನಪಿಟ್ಟುಕೊಳ್ಳುತ್ತಾರೆ" ಅಂತ ಬರುತ್ತೆ. ಇದರಲ್ಲಿ ಏನೂ ಬರಲ್ಲ. ಸುಮ್ನೆ ನೋಡಿಕೊಂಡಿರುತ್ತೆ. ನಾವು ಮರೆತ ಮೇಲೆ ತೆಗೆಯುತ್ತೆ.

ಹಾಸ್ಟೆಲಿನಲ್ಲಿ ಇದೇ ಆಟವನ್ನು ನಾನು ಮೊದಲ ಸಲ ಆಡಿದ್ದು ರೂಮ್‌ಮೇಟ್‌ನ ಕಂಪ್ಯೂಟರಿನಲ್ಲಿ. ಅವನ ಅಮ್ಮ ಕಳಿಸಿದ ಚಕ್ಕುಲಿ ಡಬ್ಬಿ ಪಕ್ಕದಲ್ಲೇ ಇರುತ್ತಿತ್ತು. ರಾತ್ರಿ ಆಡುತ್ತಾ ಆಡುತ್ತಾ ಅರ್ಧ ಡಬ್ಬಿ ಖಾಲಿ ಮಾಡಿದ್ದೆ. ಅವನು ಏನೂ ಕೇಳಲಿಲ್ಲ. ಮುಂದಿನ ಸಲ ಊರಿಂದ ಬಂದಾಗ ಎರಡು ಡಬ್ಬಿ ತಂದ, ಒಂದನ್ನು ನನ್ನ ಮಂಚದ ಮೇಲಿಟ್ಟ. ಒಳ್ಳೆಯವನು ಅಂದುಕೊಂಡೆ, ಅಷ್ಟೇ. ಇವನಿಗೆ ಹೇಗೆ ಗೊತ್ತಾಯ್ತು ಅಂತ ತಲೆಗೆ ಬಂದದ್ದು ಈ ಭಾನುವಾರ.

ಸೋಮವಾರ ಹುಡುಗಿ ಮತ್ತೆ ಮೊದಲಿಂದ ಶುರು ಮಾಡಿದಳು. ಆ ಗಂಟಿನ ಹತ್ತಿರಕ್ಕೂ ಸುಳಿಯಲಿಲ್ಲ, ಬೆಕ್ಕು ಹುಡುಕಿ ಕೊಟ್ಟಳು, ಕೋರ್ಟಿನಲ್ಲಿ ನಿರಪರಾಧಿ ಅಂತ ತೀರ್ಪೂ ಬಂತು. ಆದರೂ ಮಂತ್ರಿ ಜೈಲಿಗೆ ತಳ್ಳಿದ, ಮೂರು ದಿನದಲ್ಲಿ ಗಲ್ಲು ಅಂದ. ಈ ಆಟದಲ್ಲಿ ಹೇಗೆ ನಡೆದುಕೊಂಡರೂ ಅಲ್ಲಿಗೇ ಹೋಗೋದು. ನನಗೆ ಗೊತ್ತಿತ್ತು, ಹೇಳಿರಲಿಲ್ಲ.

ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರೆ ಊಟನಾದ್ರೂ ತಿನ್ನಬಹುದಿತ್ತು ಮಾಮಾ."