ಮಂಡಕ್ಕಿಗೆ ಒಯ್ದ ಪೇಪರ್

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅಮ್ಮನನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಏಕನಾಥೇಶ್ವರಿ ಗುಡಿಯಲ್ಲಿ ಕೈ ಮುಗಿದು ಇಳಿಯುತ್ತಿದ್ದೆವು. ಜನ ನಡೆದು ನಡೆದು ನುಣುಪಾದ ಬಂಡೆ. ಅಮ್ಮ ಜಾರಿದಳು, ಬಲಗೈ ಊರಿ ಬಿದ್ದಳು.

ಮಣಿಕಟ್ಟು ಸೊಟ್ಟಗಾಗಿತ್ತು. ಗಾಬರಿಯಲ್ಲಿ ಹಿಡಿದು ನೆಟ್ಟಗೆ ಮಾಡಲು ಹೋದೆ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ತಡೆದರು. "ಎಳೀಬ್ಯಾಡಪ್ಪ, ಮುರಿದ ಮೂಳೆ ಒಳಗೆ ನರಕ್ಕೆ ಚುಚ್ಚುತ್ತೆ. ಇದ್ದಂಗೇ ಇರ್ಲಿ." ಆಮೇಲೆ ಅಮ್ಮನ ಕಡೆ ತಿರುಗಿ, "ತಾಯಿ, ಬಾವು ಬರೋ ಮೊದ್ಲು ಬಳೆ ತೆಗೀರಿ" ಎಂದರು.

ಅಷ್ಟು ನೋವಲ್ಲೂ ಅಮ್ಮ ಒಪ್ಪಲಿಲ್ಲ. ಬರಿಗೈ ಆಗಬಾರದಲ್ಲ. "ಎಡಗೈಯಲ್ಲಿ ಇದಾವಲ್ಲಮ್ಮ" ಎಂದು ಒಂದೊಂದೇ ಜಾರಿಸಿದೆ. ಒಂದು ತಾಸು ಬಿಟ್ಟಿದ್ದರೆ ಅವು ಬರುತ್ತಲೇ ಇರಲಿಲ್ಲ.

ಮಂಡಕ್ಕಿ ಹಾಕಿಕೊಂಡು ತಿನ್ನಲು ಒಯ್ದಿದ್ದ ಪೇಪರನ್ನು ಅವರು ದಪ್ಪಗೆ ಮಡಚಿದರು. ಅಂಗೈಯಿಂದ ಮೊಣಕೈವರೆಗೆ ದೋಣಿಯ ಹಾಗೆ ಇಟ್ಟು, ಒಳಗೆ ಟವೆಲ್ ಹಾಸಿದರು. ಮುರಿದ ಜಾಗ ಬಿಟ್ಟು ಮೇಲೊಂದು, ಕೆಳಗೊಂದು ಕಟ್ಟು. ಅಮ್ಮನ ಶಾಲನ್ನೇ ಕೊರಳಿಗೆ ಜೋಲಿ ಮಾಡಿದರು. ಉಗುರು ಒತ್ತಿ ಬಿಟ್ಟು, ಮತ್ತೆ ಕೆಂಪಾಯಿತಾ ಎಂದು ನೋಡಿದರು. ಸುಮ್ನೆ ನೋಡಿದ್ದಲ್ಲ ಎಂಬುದು ನನಗೆ ರಾತ್ರಿ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಕೂರಿಸಿ, ಒಂದು ಬದಿಗೆ ಮಾತ್ರ ಪ್ಲಾಸ್ಟರ್ ಹಾಕಿ ಬ್ಯಾಂಡೇಜ್ ಸುತ್ತಿದರು. ಬಾವು ಏರುವಾಗ ಸುತ್ತಲೂ ಗಟ್ಟಿ ಪ್ಲಾಸ್ಟರ್ ಇದ್ದರೆ ರಕ್ತ ಓಡಾಡಲು ಜಾಗ ಇರಲ್ಲವಂತೆ. ಆದರೂ ರಾತ್ರಿ 2 ಗಂಟೆಗೆ ಅಮ್ಮ ಎಬ್ಬಿಸಿದಳು. ಬೆರಳು ಜೋಮು, ಉಗುರು ನೀಲಿ. ಒತ್ತಿದೆ. ಬೇಗ ಕೆಂಪಾಗಲಿಲ್ಲ. ಬೆಳಗಾಗಲಿ ಅನ್ನದೆ ಓಡಿದೆವು. ಬ್ಯಾಂಡೇಜ್ ಬಿಗಿಯಾಗಿತ್ತು. ಕತ್ತರಿಸಿ ಸಡಿಲ ಮಾಡಿದ ಮೇಲೆ ಬೆರಳಿಗೆ ಬಣ್ಣ ಬಂತು. ಆಗ ನನಗೆ ಉಸಿರು ಬಂತು.

ಎದುರು ಮನೆಯವರು ನಾಟಿ ವೈದ್ಯರ ಹತ್ತಿರ ಬಿದಿರ ದಬ್ಬೆ ಕಟ್ಟಿಸಿ ಎಂದರು. ದಬ್ಬೆ ಮಾಡುವುದೂ ಅದೇ ಕೆಲಸ, ಮೂಳೆ ಅಲುಗದಂತೆ ಹಿಡಿಯುವುದು. ಆದರೆ ಒಳಗೆ ಮೂಳೆ ಸರಿಯಾಗಿ ಕೂತಿದೆಯಾ ಎಂದು ಎಕ್ಸ್‌ರೇ ಇಲ್ಲದೆ ಹೇಗೆ ಹೇಳೋದು? ಎಣ್ಣೆ ಹಚ್ಚಿ ತಿಕ್ಕಿಬಿಟ್ಟರೆ ಎಂಬ ಭಯವೂ ಇತ್ತು. ಹೋಗಲಿಲ್ಲ.

ಬಾವು ಇಳಿದ ಮೇಲೆ ಪೂರ್ತಿ ಪ್ಲಾಸ್ಟರ್ ಆಯಿತು. ಎಲ್ಲ ಸೇರಿ 6 ವಾರ. ಬಿಚ್ಚಿದಾಗ ಕೈ ಸಣ್ಣಗಾಗಿತ್ತು, ಮಣಿಕಟ್ಟು ಮರಗಟ್ಟಿತ್ತು. ಚೆಂಡು ಹಿಚುಕಲು ಹೇಳಿದರೆ ಅಮ್ಮ ಚಪಾತಿ ಹಿಟ್ಟು ಹಿಚುಕಿದಳು. ಈಗ ಬಲಗೈಯಲ್ಲೂ ಬಳೆ ಇದೆ. ಮುದ್ದೆ ತಿರುವುವ ಕೋಲು ಮಾತ್ರ ಇನ್ನೂ ನಾನೇ ಹಿಡಿಯುತ್ತೇನೆ.